ಹೊಲಿಗೆ ಕೋಣೆಯ ಆಂಟಿ

ಲಂಡನ್ನಿನ ಸಟನ್‌ನ ಆಸ್ಪತ್ರೆಯಲ್ಲಿ ನಾನು ನರ್ಸ್ ಆಗಿದ್ದಾಗ, ಹರಿದ ಪರದೆ, ಗೌನುಗಳನ್ನು ಹೊಲಿದುಕೊಡಲು ದಕ್ಷಿಣ ಆಫ್ರಿಕಾದ ಕಪ್ಪುಮೈಯ ಹಿರಿಯ ಹೆಂಗಸೊಬ್ಬರಿದ್ದರು. ಎಲ್ಲರಿಗೂ ಅವರು ಆಂಟಿ. ಅವರ ಹೊಲಿಗೆ ಕೋಣೆಗೆ ಯಾರೇ ಹೋದರೂ ಕಾಲಿನಿಂದ ಸ್ಟೂಲು ಮುಂದೆ ತಳ್ಳಿ, “ಮೊದಲು ಕೂತ್ಕೊ, ಆಮೇಲೆ ಮಾತು” ಎನ್ನುತ್ತಿದ್ದರು.

ಒಮ್ಮೆ ಕೇಳಿದೆ: “ಎಲ್ಲರಿಗೂ ಯಾಕೆ ಆಂಟಿ ಹೀಗೇ ಹೇಳ್ತೀರಿ?”

“ನಮ್ಮ ಗಾರ್ಮೆಂಟ್ ಫ್ಯಾಕ್ಟರಿಲಿ ಊಟದ ಬೆಂಚುಗಳು ಬಿಳಿಯರಿಗೆ ಮಾತ್ರ ಇದ್ವು. ನಾವು ನಿಂತೇ ತಿನ್ಬೇಕು. ಒಂದಿನ ನಮ್ಮ ಯೂನಿಯನ್ ಹೆಂಗಸರೆಲ್ಲ ಹೋಗಿ ಅವುಗಳ ಮೇಲೆ ಕೂತುಬಿಟ್ವಿ. ಪೊಲೀಸರು ಎಳ್ಕೊಂಡು ಹೋದ್ರು. ಜೈಲಿಂದ ಬಂದ್ಮೇಲೆ ದೇಶಾನೇ ಬಿಡಬೇಕಾಯ್ತು, ಮಗಳೇ.”

ಅವರ ದೇಶದಲ್ಲಿ ಎಲ್ಲರಿಗೂ ಮತದಾನದ ಹಕ್ಕು ಸಿಕ್ಕ ವರ್ಷ, ಲಂಡನ್ನಿನಲ್ಲೇ ಓಟು ಹಾಕಲು ಹೊರಟ ಅವರ ಜೊತೆ ನಾನೂ ಹೋದೆ. ಉದ್ದನೆಯ ಕ್ಯೂನಲ್ಲಿ ಆಂಟಿ, ಅಂದು ಆ ಬೆಂಚುಗಳ ಮೇಲೆ ತಮ್ಮ ಪಕ್ಕ ಕೂತಿದ್ದ ಹೆಂಗಸರ ಹೆಸರುಗಳನ್ನು ಒಂದೊಂದಾಗಿ ಮೆಲ್ಲಗೆ ಹೇಳಿಕೊಳ್ಳುತ್ತಾ ಮುಂದೆ ಸಾಗಿದರು. ಅವರಲ್ಲಿ ಎಷ್ಟೋ ಮಂದಿ ಆಗ ಬದುಕಿರಲಿಲ್ಲ.

ಓಟು ಹಾಕಿ ಹೊರಬಂದವರು ನನ್ನ ಕೈ ಹಿಡಿದು, “ಇನ್ನು ಊರಿಗೆ ಹೋಗಬಹುದು” ಎಂದರು.

ನಾನು ಸಂತೋಷಪಡಬೇಕಿತ್ತು. “ಹೋಗಬೇಡಿ” ಎಂಬ ಮಾತು ಬಾಯಿಗೆ ಬಂದಿತ್ತು, ನುಂಗಿಕೊಂಡೆ. ಮರುತಿಂಗಳು ಅವರು ಹೊರಟೇ ಹೋದರು. ಆ ಮಾತು ಈಗಲೂ ನನ್ನಲ್ಲೇ ಇದೆ.