ಚಿತ್ರದ ಮೋಡಕ್ಕೆ ಹೆದರಿದ್ದು

ನನ್ನ ಅಕ್ಷರ ಅಂಕುಡೊಂಕು, ಓದು ಮೂರನೆಯ ತರಗತಿಗೇ ನಿಂತಿತು. ಮಾತು ತೊಡರಿದರೆ ಸಹಿಸಿಕೊಳ್ಳಬೇಕು.

ಹಂಗಳ ಎಂಬ ಊರಿನ ತೋಟವೊಂದರಲ್ಲಿ ನಾವು ಐವರು ಹೆಂಗಸರು ಬೇಯಿಸಿದ ಅರಿಶಿನವನ್ನು ಕಣದಲ್ಲಿ ಒಣಗಿಸುತ್ತಿದ್ದೆವು. ಸುತ್ತಲೂ ಎತ್ತರದ ಗೋಡೆಯಿದ್ದುದರಿಂದ ಬೆಟ್ಟದ ಕಡೆಯ ಆಕಾಶ ನಮಗೆ ಕಾಣುತ್ತಿರಲಿಲ್ಲ. ತೋಟದ ಯಜಮಾನರ ಮನೆಗೆ ಬಂದಿದ್ದ ಮೈಸೂರಿನ ಮೇಡಮ್ಮನವರು ತಾರಸಿಯಲ್ಲಿ ಕುಳಿತು ಬೆಟ್ಟದ ಚಿತ್ರ ಬರೆದರು. ಆರಲೆಂದು ಅದನ್ನು ಕಣದ ಗೋಡೆಗೆ ಒರಗಿಸಿ ಒಳಗೆ ಹೋದರು.

ಇಣುಕಿ ನೋಡಿದೆ. ಬೆಟ್ಟ ಒಂದೇ ಗೀಟು, ಮರಗಳು ನಾಲ್ಕು ಹಸಿರು ಚುಕ್ಕೆ. ಆದರೆ ಆಕಾಶದ ತುಂಬ ಕೆಂಪು ಅಂಚಿನ ಕಾರ್ಮೋಡ! ಕಂಡದ್ದನ್ನೇ ಬರೆಯುತ್ತಾರೆಂದು ನಾನು ನಂಬಿದ್ದೆ. ನೆಂದರೆ ಅರಿಶಿನದ ಬಣ್ಣ ಕೆಡುತ್ತದೆ, ಇಡೀ ಬೆಳೆ ಹಾಳು. ಎಂದೂ ದನಿಯೆತ್ತದ ನಾನು ಕೂಗಿದೆ.

"ಗುಡ್ಡೆ ಮಾಡ್ರವ್ವ, ಬೆಟ್ಟದ ಕಡೆ ಮಳೆ ಕಟ್ಕೊಂಡದೆ!"

ಎಲ್ಲರೂ ಬಿದ್ದೆದ್ದು ಗುಡ್ಡೆ ಮಾಡಿ ಟಾರ್ಪಾಲು ಹೊದಿಸಿದೆವು. ಹನಿಯೂ ಬೀಳಲಿಲ್ಲ, ನೆತ್ತಿ ಸುಡುವ ಬಿಸಿಲು. ಯಜಮಾನರು ಓಡಿಬಂದರು.

"ಮಳೆ ಬತ್ತದೆ ಅಂತ ಯಾರಮ್ಮಿ ಯೋಳಿದ್ದು?"

ಚಿತ್ರವನ್ನು ತೋರಿಸಿದೆ. ಹೊರಬಂದ ಮೇಡಮ್ಮನವರು ಪೆಚ್ಚಾದರು.

"ಅಯ್ಯೋ, ಮೋಡ ನಾನೇ ಹಾಕಿದ್ದು. ಬರೀ ನೀಲಿ ಸಪ್ಪೆ ಅನ್ನಿಸ್ತು."

"ಸಪ್ಪೆಯಾದ್ರೆ ಉಪ್ಪಾಕವ್ವ, ಮೋಡ ಯಾಕಾಕ್ದೆ?" ಎಂದರು ಯಜಮಾನರು.

ಮೇಡಮ್ಮನವರು ಸೆರಗು ಸಿಕ್ಕಿಸಿ ನಮ್ಮೊಡನೆ ಅರಿಶಿನ ಹರವಲು ಕುಳಿತರು. "ಮೋಡ ಅಳಿಸ್ಬಿಡ್ಲೇನಮ್ಮ?" ಎಂದು ನನ್ನನ್ನು ಕೇಳಿದರು.

"ಇರ್ಲಿ ಕಣವ್ವ, ಅರಿಶಿನ ಮೂಟೆಗೆ ತುಂಬೋಗಂಟ ಅದ್ನ ಒಳಗಿಟ್ಕೊ" ಎಂದೆ.

ಬರೆದುದರಲ್ಲಿ ತಪ್ಪಿದ್ದರೆ ದಯವಿಟ್ಟು ಮನ್ನಿಸಿರಿ.