ಮೂರು ಸಲ ಕೇಳುವ ಆರ್ವಿಡ್

ಅಮೆರಿಕದ ಡುಲೂತ್ ಊರಿನ ನಮ್ಮ ಬೀದಿಯಲ್ಲಿ ಯಾರ ಮನೆಯ ಕಂಪ್ಯೂಟರಾದರೂ ಹೊಸ ಆಪರೇಟಿಂಗ್ ಸಿಸ್ಟಮ್ ಹಾಕುವಾಗ ಅರ್ಧಕ್ಕೇ ಮುಷ್ಕರ ಹೂಡಿದರೆ, ಕರೆ ಹೋಗುವುದು ನಿವೃತ್ತ ರೈಲು ಚಾಲಕ ಆರ್ವಿಡ್ ಹೆಡ್‌ಲುಂಡ್‌ನಿಗೆ. ಹಿಮ ಮೆತ್ತಿದ ಬೂಟನ್ನು ಬಾಗಿಲಲ್ಲೇ ಬಿಟ್ಟು ಬಂದು, ಮೊದಲು ಕಾಫಿ ಕುಡಿದು, ಆಮೇಲೆ ಹೊಸ ಸಿಸ್ಟಮ್ ಹಾಕಲು ಚುಚ್ಚಿಟ್ಟ ಪೆನ್‌ಡ್ರೈವನ್ನು ಕಿತ್ತು ತೋರಿಸುತ್ತಾನೆ: "ಇದನ್ನ ತೆಗೀದೇ ಇದ್ರೆ ಪ್ರತಿಸಲ ಮೊದಲಿಂದ ಶುರು ಮಾಡತ್ತೆ ಕಣ್ರೀ, ನಮ್ಮ ಭಾವ ಮೀನು ಹಿಡಿದ ಕಥೆ ಹೇಳೋ ಥರ." ಅದಕ್ಕೂ ಬಗ್ಗದಿದ್ದರೆ ಡಿಸ್ಕನ್ನೇ ಅಳಿಸಬೇಕು, ಆಗ ಅವನ ವರಸೆಯೇ ಬೇರೆ. "ಇದರಲ್ಲಿ ಉಳಿಸ್ಕೊಳ್ಳೋದು ಏನಾದ್ರೂ ಇದೆಯಾ?" ಇಲ್ಲವೆಂದರೆ ಇನ್ನೊಂದು ಕಾಫಿ ಕಲಕಿ ಮತ್ತೆ ಕೇಳುತ್ತಾನೆ. ಒಮ್ಮೆ ಹೀಗೆ ಮೂರನೆಯ ಸಲ ಕೇಳಿದ್ದಕ್ಕೆ ಪಕ್ಕದ ಮನೆಯ ಮಾರ್ಲಿಸ್ ರೇಗಿದ್ದಳು: "ಮದುವೆ ಆಗ್ತೀಯಾ ಅಂತ ನನ್ನ ಗಂಡಾನೂ ಇಷ್ಟು ಸಲ ಕೇಳಿರ್ಲಿಲ್ಲ, ಅಳಿಸಯ್ಯಾ!" "ಒಂದು ನಕಲು ನನ್ನ ಹತ್ರ ಇರ್ಲಿ ಬಿಡಮ್ಮ" ಎಂದು, ಎಲ್ಲವನ್ನೂ ತನ್ನದೊಂದು ಡಿಸ್ಕಿಗೆ ತುಂಬಿಕೊಂಡ ಮೇಲೆಯೇ ಅವನು ಗುಂಡಿ ಒತ್ತಿದ್ದು. ವಾರ ಕಳೆಯುವುದರೊಳಗೆ ಅವಳೇ, ತೀರಿಕೊಂಡ ಅಣ್ಣನ ಪತ್ರಗಳು ಬೇಕೆಂದು ಮುಖ ಸಣ್ಣದು ಮಾಡಿಕೊಂಡು ಬಂದಳು. ಅಂಥ ಡಿಸ್ಕುಗಳು ಅವನ ಮೇಜಿನ ಖಾನೆಯಲ್ಲಿ ಹೆಸರು ಅಂಟಿಸಿಕೊಂಡು ಸಾಲಾಗಿ ಮಲಗಿವೆ. ಎಲ್ಲಕ್ಕೂ ಮುಂದಿನದರ ಮೇಲೆ ಹೆಂಡತಿ ಸಿಗ್ನೆಯ ಹೆಸರಿದೆ, ಅದು ಖಾಲಿ. ಆರು ವರ್ಷದ ಹಿಂದೆ ಅವಳ ಕಂಪ್ಯೂಟರನ್ನು ಅಳಿಸುವಾಗ ಅವನು ಒಂದು ಸಲವೂ ಕೇಳಿರಲಿಲ್ಲ. ಅದರಲ್ಲಿ ಅವಳ ಅಮ್ಮನ ದನಿಯಲ್ಲಿ ಹನ್ನೊಂದು ಹಾಡುಗಳಿದ್ದವು. ಸಿಗ್ನೆ ಬೈಯಲಿಲ್ಲ, "ಹೋಗ್ಲಿ ಬಿಡಿ" ಎಂದಳು ಅಷ್ಟೆ. ಆವತ್ತಿನಿಂದ ಅಡುಗೆಮನೆಯಲ್ಲಿ ಗುನುಗುವುದನ್ನು ಮಾತ್ರ ಬಿಟ್ಟಿದ್ದಾಳೆ.