ದೇಸಾಯಿ ವಕೀಲರಿಗೆ ಜಾಗ ಸಿಕ್ಕಿದ್ದು
ಗೆಳೆಯರೇ, ಇವತ್ತು ಹಾವೇರಿ ಕೋರ್ಟಿನೆದುರು ಸಿಕ್ಕ ವಕೀಲೆ ನಸೀಮಾ, "ದೇಸಾಯಿ ಸಾಹೇಬ್ರನ್ನ ನನಗ ಕೊಟ್ಟವರು ನೀವ ನೋಡ್ರಿ" ಎಂದು ಕೈಮುಗಿದರು. ಋಣಿಯಾಗಿರಬೇಕಾದವನು ನಾನು.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಅದೇ ಕೋರ್ಟಿನೆದುರು ಟೈಪಿಸ್ಟ್ ಆಗಿದ್ದೆ. ನನ್ನನ್ನು ಆ ಕೆಲಸಕ್ಕೆ ಹಚ್ಚಿದ್ದ ಬ್ಯಾಡಗಿಯ ದೇಸಾಯಿ ವಕೀಲರನ್ನು, ಅರವತ್ತು ದಾಟಿದ ಮೇಲೆ, ಅವರ ಪಾಲುದಾರ ವಕೀಲರ ಮಗ ಕಚೇರಿಯಿಂದ ಹೊರಗೆ ಕಳಿಸಿದ. ಅವರಿಗೊಂದು ಜಾಗ ಕೇಳುತ್ತ ನಾನು ಹಾವೇರಿಯ ಕಚೇರಿಗಳನ್ನೆಲ್ಲ ತಿರುಗಿದೆ. "ಅಷ್ಟ ದೊಡ್ಡವರಿಗೆ ನಾವೇನ್ ಕೆಲಸ ಹೇಳೂದ್ರಿ?" ಎಂದರು ಎಲ್ಲರೂ.

ಹೊಸದಾಗಿ ಕಚೇರಿ ತೆರೆದಿದ್ದ ನಸೀಮಾ ಮಾತ್ರ, "ಹೇಳಾಕ ಅಲ್ರಿ, ನನಗ ಕಲಿಯಾಕ ಬೇಕಾಗ್ಯಾರ. ಲಗೂನ ಕರಕೊಂಡ ಬರ್ರಿ" ಎಂದರು.

ದೇಸಾಯಿಯವರು ಮೊದಲ ದಿನವೇ ಆಕೆಯ ಅರ್ಜಿಯನ್ನು ಮೂರು ಸಲ ತಿದ್ದಿದರು. ಮೂರು ಸಲವೂ ಟೈಪ್ ಮಾಡಿದವನು ನಾನೇ. ಒಮ್ಮೆಯೂ ಬೇಸರ ಬರಲಿಲ್ಲ.